ಬೊಡ್ಡೆ ಕೀಳುವ ಅಳಿಯಂದಿರು

ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂತ ಜಿಪುಣರನ್ನು ಆಡಿಕೊಳ್ಳುತ್ತಾರಲ್ಲ, ಆ ಮಾತನ್ನು ಪಾಲಪ್ಪನಿಗೆ ಹೇಳಿದರೆ ಹೊಗಳಿದಂತಾಗುತ್ತಿತ್ತು. ಅವನ ಕೈಯಲ್ಲಿ ಎಂಜಲಾದರೂ ಎಲ್ಲಿ ಉಳಿಯಬೇಕು? ಒಂದೊಂದು ಬೆರಳನ್ನೂ ನೆಕ್ಕಿ ಒಣಗಿಸಿಯೇ ಊಟದಿಂದ ಏಳುತ್ತಿದ್ದ. ಮಿಡಿಗೇಶಿ ಕೋಟೆಯ ಹಿಂಬದಿಯ ಆ ಹಳ್ಳಿಯಲ್ಲಿ ಕಾಗೆಗಳೂ ಅವನ ಸೂರು ಬಿಟ್ಟು ಪಕ್ಕದ ಮನೆಯ ಸೂರಿನ ಮೇಲೆ ಕೂರುತ್ತಿದ್ದವು.

ಇಂಥವನಿಗೆ ಇದ್ದವಳು ಒಬ್ಬಳೇ ಮಗಳು, ಹೊನ್ನಕ್ಕ. ತಾಯಿ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಒಲೆ, ಕೊಟ್ಟಿಗೆ, ಹೊಲ ಎಲ್ಲವನ್ನೂ ತಲೆಯ ಮೇಲೆ ಹೊತ್ತವಳು ಅವಳೇ. ಅಪ್ಪನ ಗುಣ ಅವಳಿಗೆ ಬಂದದ್ದು ಒಂದೇ ಕಡೆ: ಯಾರನ್ನಾದರೂ ಮೆಚ್ಚಿ ಒಂದು ಮಾತಾಡಬೇಕೆಂದರೆ ಅವಳೂ ಮಹಾ ಜಿಪುಣಿ. ಬೈಯುವುದರಲ್ಲಿ ಮಾತ್ರ ಧಾರಾಳದ ಕೈ. ಅದರಲ್ಲೂ ಅಪ್ಪನನ್ನು ಮನಸ್ಸಿನಲ್ಲೇ ಬೈಯುವುದಕ್ಕೆ ಅವಳಿಗೆ ಹೊತ್ತು ಗೊತ್ತು ಅಂತ ಇರಲಿಲ್ಲ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿತ್ತು. ಇದ್ದಿಲಿಗೆ ಎಲ್ಲಿಲ್ಲದ ಬೆಲೆ ಬಂತು. ಬಂದದ್ದೇ ತಡ, ಪಾಲಪ್ಪ ಹಿತ್ತಲ ಮರಗಳನ್ನೆಲ್ಲ ಇದ್ದಿಲು ಸುಡುವವರಿಗೆ ಮಾರಿಬಿಟ್ಟ. ಅವನ ತಾತ ನೆಟ್ಟಿದ್ದ ಹೊಂಗೆ ಹೋಯಿತು, ಬೇವು ಹೋಯಿತು, ಬೇಲಿಯ ಜಾಲಿಗಳು ಹೋದವು. ಕೊನೆಗೆ ಹಿತ್ತಲ ನಡುವೆ ಇದ್ದ ದೊಡ್ಡ ಹುಣಸೆಯೂ ಹೋಯಿತು. ಮರ ಕಡಿದವರು ನೆಲದ ಮೇಲಿನದನ್ನು ಹೊತ್ತುಕೊಂಡು ಹೋದರು. ಬೊಡ್ಡೆಗಳು ಮೊಣಕಾಲೆತ್ತರಕ್ಕೆ ಹಾಗೆಯೇ ಉಳಿದವು. ಬೊಡ್ಡೆ ಕೀಳುವುದಕ್ಕೆ ಬೇರೆ ಕೂಲಿ ಆಗುತ್ತದೆ ಎಂದಾಗ ಪಾಲಪ್ಪ ಎದೆ ಹಿಡಿದುಕೊಂಡು ಕೂತುಬಿಟ್ಟ.

ಹಾಗಂತ ಬಿಡುವ ಹಾಗೂ ಇರಲಿಲ್ಲ. ಬೊಡ್ಡೆಯ ಇದ್ದಿಲು ಗಟ್ಟಿ ಇದ್ದಿಲು, ಅದಕ್ಕೆ ಇನ್ನೂ ಬೆಲೆ. ಅದೂ ಅಲ್ಲದೆ ತಲೆಮಾರುಗಳಿಂದ ಗೊಬ್ಬರ ಬಿದ್ದ ಆ ಹಿತ್ತಲಲ್ಲಿ ಹೊಗೆಸೊಪ್ಪು ಹಾಕಿದರೆ ಆಳೆತ್ತರ ಬರುತ್ತದೆ ಎಂದು ಅವನು ಆಗಲೇ ಕನಸು ಕಾಣುತ್ತಿದ್ದ. ಬೊಡ್ಡೆ ಹೋಗಬೇಕು, ಕೂಲಿ ಹೋಗಬಾರದು. ಈ ಯೋಚನೆಯಲ್ಲಿ ಹಗಲೆಲ್ಲ ಜಗಲಿಯ ಮೇಲೆ ಮೀಸೆ ತಿರುವಿಕೊಂಡು ಕೂತಿದ್ದವನಿಗೆ ಥಟ್ಟನೆ ನೆನಪಾದದ್ದು ಮಗಳ ಮದುವೆ. ಮಗಳು ನೆರೆದು ಎಷ್ಟು ಮಳೆಗಾಲ ಕಳೆದಿದ್ದರೂ ಆಗದಿದ್ದ ನೆನಪು ಈಗ ಆಯಿತು, ನೋಡಿ!

ಅವರ ಜನದಲ್ಲಿ ಹೆಣ್ಣು ತರುವವನು ಹೆಣ್ಣಿನ ಅಪ್ಪನಿಗೆ ತೆರ ಕೊಡಬೇಕು. ಗಂಡುಮಕ್ಕಳಿಲ್ಲದ ಮನೆಯಾದರೆ ಮಾತ್ರ ಬೇರೆ ಪದ್ಧತಿ. ಅಲ್ಲಿ ಹುಡುಗಿಯನ್ನು ಹೊರಗೆ ಕಳಿಸುವುದಿಲ್ಲ, ಹುಡುಗನನ್ನೇ ಮನೆಅಳಿಯನಾಗಿ ಕರೆತರುತ್ತಾರೆ. ಅವನು ತೆರ ಕೊಡುವ ಹಾಗಿಲ್ಲ, ರಟ್ಟೆ ಸವೆಸಿ ದುಡಿಯಬೇಕು. ಮಾವನ ಕಾಲ ಮುಗಿದ ಮೇಲೆ ಹೊಲಮನೆ ಅವನದು. ಹುಡುಗ ಮೊದಲು ಕೆಲವು ದಿನ ಬಂದು ಕೆಲಸ ಮಾಡಿ ತೋರಿಸುತ್ತಾನೆ. ಮೆಚ್ಚಿಗೆಯಾದರೆ ಊರ ಯಜಮಾನನ ಮುಂದೆ ವೀಳ್ಯ ಕೊಡುತ್ತಾರೆ. ವೀಳ್ಯ ಕೈ ಬದಲಾದರೆ ಆಡಿದ ಮಾತು ಕಲ್ಲಿನ ಮೇಲೆ ಬರೆದ ಹಾಗೆ. ಬದಲಾಗುವ ತನಕ ನೀನು ಯಾರೋ, ನಾನು ಯಾರೋ. ಪಾಲಪ್ಪನ ಕಣ್ಣು ಬಿದ್ದದ್ದು ಆ ನಡುವಿನ ದಿನಗಳ ಮೇಲೆ.

"ನಮ್ಮ ಹಿತ್ತಲ ಬೊಡ್ಡೆ ಎಲ್ಲಾ ಯಾವೋನು ಕಿತ್ತು ಎಸೀತಾನೋ, ಅವತ್ತೇ ಅವ್ನಿಗೆ ಈಳ್ಯ" ಎಂದು ಸುತ್ತಲ ಊರಿಗೆಲ್ಲ ಸುದ್ದಿ ಬಿಟ್ಟ.

ಮೊದಲು ಬಂದವನು ಕೊರಟಗೆರೆ ಕಡೆಯ ಅಡವಯ್ಯ. ಮೀಸೆ ದೊಡ್ಡದು, ಮೈ ದೊಡ್ಡದು, ಬುದ್ಧಿಗೆ ಮಾತ್ರ ಜಾಗ ಸಾಕಾಗಿರಲಿಲ್ಲ. ಕೊಡಲಿ ಎತ್ತಿ ಬೊಡ್ಡೆಯ ನೆತ್ತಿಗೇ ಹೊಡೆಯುತ್ತಿದ್ದ. ಕೊಡಲಿ ಪುಟಿದು ಪುಟಿದು ಅವನ ಮುಖಕ್ಕೇ ಬರುತ್ತಿತ್ತು. ಅಂತೂ ಅಂಗೈ ಬೊಬ್ಬೆ ಒಡೆದು ರಕ್ತ ಬರುವ ಹೊತ್ತಿಗೆ ಜಾಲಿಯದೂ ಹೊಂಗೆಯದೂ ಬೊಡ್ಡೆಗಳು ಎದ್ದವು. ಅವನು ಅಂಗೈಗೆ ಬಟ್ಟೆ ಸುತ್ತಿಕೊಂಡು "ಮಾವ, ಇನ್ನೇನು..." ಎನ್ನುವಷ್ಟರಲ್ಲಿ ಪಾಲಪ್ಪ, "ಹೆಸರುಬಲ ನೋಡ್ಸಿದೆ ಕಣಪ್ಪ, ಕೂಡಾಕಿಲ್ವಂತೆ. ನಿನ್ನ ಹೆಸರು ಕಾಡು, ಅವಳ ಹೆಸರು ಹೊನ್ನು. ಕಾಡಿಗೂ ಹೊನ್ನಿಗೂ ಎಲ್ಲೀ ಸಂಬಂಧ?" ಎಂದ. ಅಡವಯ್ಯ ಅದನ್ನೂ ನಂಬಿ, ಪಾಪ, ಕೈಮುಗಿದು ಹೋದ.

ಎರಡನೆಯವನು ಮದಲೂರಿನ ಕದರಪ್ಪ. ಇವನು ಜಾಣ. ಬಗ್ಗಿ ಅಗೆಯುವವರು ದಡ್ಡರು ಎಂದು ಬೇವಿನ ಬೊಡ್ಡೆಗಳ ಸುತ್ತ ಬೆರಣಿ ಪೇರಿಸಿ ಬೆಂಕಿ ಇಟ್ಟು, ಬೀಡಿ ಹಚ್ಚಿಕೊಂಡು ನೆರಳಿಗೆ ಹೋಗಿ ಕೂತ. ಇದ್ದಿಲಾಗಬೇಕಾದದ್ದು ಬೂದಿಯಾಗುತ್ತಿರುವುದನ್ನು ಕಂಡ ಪಾಲಪ್ಪ ಬಾಯಿ ಬಾಯಿ ಬಡಿದುಕೊಂಡು ಓಡಿದ. ಹೆಂಡತಿ ಸತ್ತಾಗಲೂ ಅವನು ಹಾಗೆ ಬಾಯಿ ಬಡಿದುಕೊಂಡಿರಲಿಲ್ಲ. ಕದರಪ್ಪನ ಕೈಯಲ್ಲೇ ಬೆಂಕಿ ಆರಿಸಿ, ಅವನ ಕೈಯಲ್ಲೇ ಸುಟ್ಟ ಬೊಡ್ಡೆಗಳನ್ನು ಅಗೆಸಿ, "ಬೆಂಕಿ ಇಡೋ ಕೈಗೆ ಹೆಣ್ಣು ಕೊಡಾಕಾಯ್ತದಾ?" ಎಂದು ಅಟ್ಟಿದ.

ಇವರಿಬ್ಬರಲ್ಲಿ ಯಾರಿಗಾಗಿಯೂ ಹೊನ್ನಕ್ಕನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಒಬ್ಬ ಕೋಣ, ಒಬ್ಬ ಸೋಮಾರಿ; ಹೋದರೆ ಹೋಗಲಿ. ಆದರೆ ಬಾವಿಕಟ್ಟೆಗೆ ಹೋದರೆ ಹೆಂಗಸರು ಬಿಡಬೇಕಲ್ಲ. "ಏನೇ ಹೊನ್ನಿ, ಈ ಸಲದ ಅಳಿಯ ಎಷ್ಟು ಬೊಡ್ಡೆ ಕಿತ್ತ?" ಎಂದು ಕೇಳಿ ಕಿಸಕ್ಕನೆ ನಗುತ್ತಿದ್ದರು. ಹಾಗೆ ನಗುವವರ ಕಂಕುಳಲ್ಲೆಲ್ಲ ಕೂಸು. ಅವಳ ಓರಗೆಯವರೇ ಎಲ್ಲರೂ. ಹೊನ್ನಕ್ಕ ಕೊಡ ತುಂಬಿಕೊಂಡು, "ನಿಮ್ಮ ಗಂಡಂದಿರು ಏನು ಕಿತ್ತವ್ರೆ ಅಂತ ನಂಗೂ ಗೊತ್ತು ಬುಡ್ರೇ" ಎಂದು ಬಂದುಬಿಡುತ್ತಿದ್ದಳು. ಮನೆಗೆ ಬಂದು ಕೊಡ ಇಳಿಸಿದ ಮೇಲೆ ಮಾತ್ರ ಅಳು ಬರುತ್ತಿತ್ತು. ಅವಳಿಗೆ ಮದುವೆ ಬೇಕಾಗಿತ್ತು. ಹುಟ್ಟಿದ ಮನೆಯಲ್ಲೇ, ಅವಳೇ ಬೆಳೆಸಿದ ದನಕರು, ಅವಳೇ ಕಳೆ ಕಿತ್ತ ಹೊಲದ ನಡುವೆ, ತನ್ನದೊಂದು ಸಂಸಾರ ಬೇಕಾಗಿತ್ತು. ಈಗ ಹಿತ್ತಲಲ್ಲಿ ಉಳಿದದ್ದು ಹುಣಸೆ ಬೊಡ್ಡೆ ಒಂದೇ. ಅದೂ ಎದ್ದುಹೋದರೆ ಅಪ್ಪನಿಗೆ ಅಳಿಯನ ಅಗತ್ಯವೇ ಇಲ್ಲ, ತಾನು ಇಲ್ಲೇ ಮುದ್ದೆ ತಿರುವುತ್ತ ಮುದುಕಿಯಾಗಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಬಂದವನು ವೈ.ಎನ್.ಹೊಸಕೋಟೆ ಕಡೆಯ ಕಾಟಪ್ಪ. ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದೆಲ್ಲ ಬಡಾಯಿ. ಬಂದವನೇ ಹುಣಸೆ ಬೊಡ್ಡೆಯನ್ನು ಕಾಲಲ್ಲಿ ಒದ್ದು, "ಇದಾ ಮಾವಾ? ನಮ್ಮ ಕಡೆ ಇದನ್ನ ಹಲ್ಲುಕಡ್ಡಿ ಅಂತೀವಿ" ಎಂದು ಗುದ್ದಲಿ ಎತ್ತಿ ಒಂದು ಏಟು ಹಾಕಿದ. ಗುದ್ದಲಿಯ ಕಾವು ಲಟಕ್ಕನೆ ಮುರಿದು ಕೈಗೆ ಬಂತು. ಒಳಗಿನಿಂದ ನೋಡುತ್ತಿದ್ದ ಹೊನ್ನಕ್ಕ, ದೇವರೇ, ಈ ಸಲ ಕೋತಿಯನ್ನೇ ಕಳಿಸಿದೆಯಲ್ಲ ಎಂದುಕೊಂಡಳು.

ಪಾಲಪ್ಪ ಹೊಸ ಕಾವು ಕೊಡಲಿಲ್ಲ. ಕಾಟಪ್ಪನೇ ಬೇಲಿಯಿಂದ ಕೋಲು ಕಡಿದು ಕೆತ್ತಿಕೊಂಡ. ಮಾರನೆಯ ದಿನ ಅವನು ಅಗೆಯತೊಡಗಿದ್ದು ಬೊಡ್ಡೆಯ ಹತ್ತಿರವಲ್ಲ, ಎಲ್ಲೋ ಅಷ್ಟು ದೂರದಲ್ಲಿ. ಹೊನ್ನಕ್ಕ ಮಜ್ಜಿಗೆ ಚೊಂಬು ಹಿಡಿದುಕೊಂಡು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಯ್ಯಾ, ಬೊಡ್ಡೆ ಅಲ್ಲೈತೆ, ನೀನು ಇಲ್ಲಿ ಅಗೀತಿದ್ದೀಯ. ದಾರಿ ತಪ್ತಾ?"

"ಬೇರು ಇಲ್ಲೀಗಂಟ ಬಂದೈತೆ ಕಣಮ್ಮಿ" ಎಂದ ಕಾಟಪ್ಪ. "ಬೇರು ನಿಮ್ಮಪ್ಪನಂಗಲ್ಲ. ಕೈ ಚಾಚ್ತದೆ."

ಹೊನ್ನಕ್ಕನಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದುಕೊಂಡು, "ಮಾತಲ್ಲೇ ಮರ ಕೀಳೋದಾದ್ರೆ ನೀನು ಇಷ್ಟೊತ್ತಿಗೆ ಕಾಡು ಕಿತ್ತಿರ್ತಿದ್ದೆ" ಎಂದು ಚೊಂಬು ನೆಲಕ್ಕೆ ಕುಕ್ಕಿ ಹೋದಳು.

ಆದರೂ ಕೆಲಸವೇನೋ ಸಾಗುತ್ತಿತ್ತು. ಅವನು ಬೊಡ್ಡೆಯ ಸುತ್ತ ಆಳಕ್ಕೆ ಗುಂಡಿ ತೆಗೆದ, ಸಿಕ್ಕಿದ ಪಕ್ಕದ ಬೇರುಗಳನ್ನು ಒಂದೊಂದಾಗಿ ಕೊಡಲಿಯಿಂದ ಕಡಿದ. ಸಂಜೆ ಹೊನ್ನಕ್ಕ ಬಚ್ಚಲ ನೀರನ್ನು ಗುಂಡಿಗೆ ಸುರಿದು ಮಣ್ಣು ನೆನೆಯಲು ಬಿಡುತ್ತಿದ್ದಳು. ಬೆಳಿಗ್ಗೆ ಅವನು ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಹೊಸಕೋಟೆಯ ಕಡಲೆಕಾಯಿಯ ಹಿರಿಮೆಯನ್ನು ಕೊಚ್ಚಿಕೊಳ್ಳುತ್ತ ಮಣ್ಣು ಎತ್ತುತ್ತಿದ್ದ. ಅವಳು ಅದನ್ನು ಹೀಯಾಳಿಸುತ್ತಿದ್ದಳು, ಅವನು ಇವಳ ಸಾರಿನ ಉಪ್ಪನ್ನು ಹೀಯಾಳಿಸುತ್ತಿದ್ದ. ಹೀಯಾಳಿಸುವುದಕ್ಕೆ ಒಬ್ಬರು ಸಿಕ್ಕರೆ ದಿನ ಎಷ್ಟು ಬೇಗ ಹೋಗುತ್ತದೆ ಎಂದು ಹೊನ್ನಕ್ಕನಿಗೆ ಆಗ ಗೊತ್ತಾಯಿತು.

ಪಾಲಪ್ಪ ಜಗಲಿಯಿಂದಲೇ ಗುಂಡಿಯ ಆಳ ಅಳೆಯುತ್ತಿದ್ದ. ಕೆಲಸ ಜೋರಾಗಿ ನಡೆದ ದಿನ "ಅಳಿಯಾ, ನೀರು ಕುಡಿಯಪ್ಪ" ಎನ್ನುವನು. ಕಾಟಪ್ಪ ಎರಡನೇ ಮುದ್ದೆಗೆ ಕೈ ಹಾಕಿದರೆ ಮುಖ ಆ ಕಡೆ ತಿರುಗಿಸಿ ನಿಟ್ಟುಸಿರು ಬಿಡುವನು.

ಒಂದು ಮಧ್ಯಾಹ್ನ ಗುಂಡಿಯೊಳಗಿನಿಂದ ಕಾಟಪ್ಪ ತಲೆಯೆತ್ತಿ ಕೇಳಿದ. "ಹೊನ್ನಮ್ಮೀ, ಒಂದ್ಮಾತು. ನಿಂಗೆ ನಾನು ಒಪ್ಪಿಗೇನಾ?"

ಹೊನ್ನಕ್ಕನಿಗೆ ತಕ್ಷಣ ಬೈಗುಳ ಹೊಳೆಯಲಿಲ್ಲ. ಅಲ್ಲಿಯತನಕ ಬಂದವರೆಲ್ಲ ಅಪ್ಪನನ್ನು ಕೇಳಿದ್ದರು, ಬೊಡ್ಡೆಯನ್ನು ನೋಡಿದ್ದರು, ಹೊಲದ ಅಳತೆ ವಿಚಾರಿಸಿದ್ದರು. ಅವಳನ್ನು ಯಾರೂ ಕೇಳಿರಲಿಲ್ಲ. "ಒಪ್ಪದೇ ಇದ್ರೆ ನಮ್ಮಪ್ಪ ಅಂಗೆ ಉಸಿರು ಬಿಡ್ತಾ ಇದ್ರೂ ನಿಂಗೆ ಎರಡನೇ ಮುದ್ದೆ ಇಕ್ತಿದ್ನಾ?" ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ, ಮತ್ತೆ ದನಿ ಗಡುಸು ಮಾಡಿಕೊಂಡಳು. "ಆದ್ರೆ ತಿಳ್ಕೋ. ಈ ಬೊಡ್ಡೆ ಎದ್ದ ದಿನ ನಮ್ಮಪ್ಪ ನಿನ್ನೂ ಅಟ್ತಾನೆ."

"ಅಂಗಾರೆ ಕೀಳೋದು ಬ್ಯಾಡ್ವಾ?"

"ಕೀಳು. ತಾಯಿಬೇರು ಕಡಿಯೋ ಹಿಂದಿನ ದಿನ ನಂಗೆ ಹೇಳು, ಸಾಕು."

ಅವನು ಹೇಳಿದ. ಹೇಳಿದ ದಿನವೇ ಹೊನ್ನಕ್ಕ ಮೊರ ಎರವಲು ತರುವ ನೆಪದಲ್ಲಿ ಊರ ಯಜಮಾನ ಕಾಡಸಿದ್ದಪ್ಪನ ಮನೆಗೆ ಹೋದಳು. "ನಾಳೆ ಬೆಳಿಗ್ಗೆ ನಮ್ಮನೇಲಿ ಈಳ್ಯವಂತೆ. ಅಪ್ಪ ನಿಮ್ಮನ್ನೂ ನಾಲ್ಕು ಜನ ದೊಡ್ಡೋರನ್ನೂ ಕರ್ಕಂಬಾ ಅಂದ" ಎಂದಳು. ಪಾಲಪ್ಪನ ಮನೆಯಲ್ಲಿ ಕರೆದು ಎಲೆ ಅಡಿಕೆ ಕೊಡುತ್ತಾರೆ ಎಂದರೆ ನೋಡಬೇಕಾದ ಸಂಗತಿಯೇ. ಯಜಮಾನನ ಹೆಂಡತಿ ನರಸಮ್ಮನೂ ತಾನು ಬರದೆ ಇರುವುದಿಲ್ಲ ಎಂದಳು.

ಬೆಳಿಗ್ಗೆ ಜನ ಬಂದು ಹಿತ್ತಲಲ್ಲಿ ನಿಂತದ್ದನ್ನು ಕಂಡು ಪಾಲಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. ಬಂದವರನ್ನು ಏಕೆ ಬಂದಿರಿ ಎಂದು ಕೇಳುವ ಹಾಗಿಲ್ಲ, ಹೋಗಿ ಎನ್ನುವ ಹಾಗಿಲ್ಲ. ಅಷ್ಟರಲ್ಲಿ ಗುಂಡಿಯಲ್ಲಿ ತಾಯಿಬೇರಿಗೆ ಕೊಡಲಿ ಏಟು ಬೀಳುತ್ತಿತ್ತು. ಬೇರು ಕಡಿದು ಮುಗಿಯಿತು. ಕಾಟಪ್ಪ ಬೊಡ್ಡೆಯ ಅಡಿಗೆ ಹಾರೆ ಕೊಟ್ಟು ಮೈಭಾರವನ್ನೆಲ್ಲ ಹಾಕಿ ಮೀಟಿದ. ಹೊನ್ನಕ್ಕ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಹಾರೆ ಹಿಡಿದಳು. ಬೊಡ್ಡೆ ನರಳಿತು, ವಾಲಿತು, ಆಮೇಲೆ ಮಣ್ಣು ಸಮೇತ ಮಗುಚಿ ಬಿದ್ದು ಬೇರುಗಳನ್ನು ಆಕಾಶಕ್ಕೆ ತೋರಿಸಿತು.

ಪಾಲಪ್ಪ ಓಡಿ ಹೋಗಿ ಬೊಡ್ಡೆಯ ಮೈ ಸವರಿದ. ಮಗಳ ತಲೆಯನ್ನು ಎಂದೂ ಹಾಗೆ ಸವರಿದವನಲ್ಲ.

"ಸರಿ ಪಾಲಪ್ಪ, ತಟ್ಟೆ ತರ್ಸು. ಈಳ್ಯ ಕೊಡೋಣ" ಎಂದ ಯಜಮಾನ.

ಪಾಲಪ್ಪ ಗುಂಡಿಯ ಅಂಚಿಗೆ ಬಂದು, ಕುಕ್ಕರಗಾಲಲ್ಲಿ ಕೂತು, ಒಳಗೆ ಇಣುಕಿದ. ಬೆಣ್ಣೆಯಲ್ಲಿ ಕೂದಲು ಹುಡುಕುವವನ ಹಾಗೆ ಬಹಳ ಹೊತ್ತು ನೋಡಿದ. "ತಾಯಿಬೇರಿನ ತುದಿ ಒಳಗೇ ಐತಲ್ಲ! ಬೊಡ್ಡೆ ಕೀಳೋದು ಅಂದ್ರೆ ಬುಡ ಸಮೇತ ಕೀಳ್ಬೇಕು. ನಾಳೆ ಚಿಗುರಿದ್ರೆ ನನ್ನ ಹೊಗೆಸೊಪ್ಪಿನ ಗತಿ ಏನು?"

"ಹುಣಸೆ ತಾಯಿಬೇರು ಪಾತಾಳಕ್ಕೆ ಇಳ್ದಿರ್ತದೆ ಕಣಯ್ಯ. ಅದನ್ನ ಯಾವೋನು ತೆಗೀತಾನೆ?" ಎಂದ ಯಜಮಾನ.

"ಮಾವಾ, ನೀನು ಹೇಳಿದ್ದು..." ಎಂದು ಕಾಟಪ್ಪ ಬಾಯಿ ತೆರೆದ.

"ಯಾವನಲೇ ನಿಂಗೆ ಮಾವ? ಈಳ್ಯ ಕೊಟ್ಟಿದ್ನಾ ನಾನು?"

ಕಾಟಪ್ಪನ ಬಡಾಯಿಯೆಲ್ಲ ಆ ಗುಂಡಿಯಲ್ಲೇ ಬಿದ್ದುಹೋಯಿತು. ಕೆಸರು ಮೆತ್ತಿದ ಕೈಯನ್ನು ನೋಡಿಕೊಂಡ. ಆಗ ಹೊನ್ನಕ್ಕ ಹಾರೆಯನ್ನು ನೆಲಕ್ಕೆ ಹಾಕಿ ಮುಂದೆ ಬಂದಳು.

"ಅಪ್ಪ, ಈಳ್ಯ ಕೊಟ್ಟಿಲ್ಲ, ಸರಿ. ಅಳಿಯ ಅಲ್ಲ, ಅದೂ ಸರಿ. ಅಂಗಾರೆ ಇವ್ನು ನಿಂಗೆ ಯಾರು? ಇಷ್ಟು ದಿನ ಯಾವ ಲೆಕ್ಕದಾಗೆ ದುಡಿಸ್ಕೊಂಡೆ?"

"ಕೂಲಿ ಆಳು ಅಂತ ತಿಳ್ಕೋ. ಅದಕ್ಕೇನೀಗ?"

"ಯಜಮಾನ್ರೇ, ಕೇಳಿಸ್ಕೊಂಡ್ರಾ? ಕೂಲಿ ಆಳಂತೆ."

ಕಾಡಸಿದ್ದಪ್ಪ ಕೇಳಿಸಿಕೊಂಡಿದ್ದ. ಅಡವಯ್ಯ, ಕದರಪ್ಪರ ಕಥೆಯೂ ಅವನಿಗೆ ಗೊತ್ತಿತ್ತು, ಇವತ್ತು ಎಲೆ ಅಡಿಕೆಯೂ ತಪ್ಪಿದ ಸಿಟ್ಟಿತ್ತು. "ಕೂಲಿ ಅಂದ್ಮೇಲೆ ರಾಗಿ ಅಳೀಬೇಕಲ್ಲ ಪಾಲಪ್ಪ. ಹಗೇವು ತೆಗ್ಸು" ಎಂದ.

ಹಗೇವು ಎಂದರೆ ನೆಲದೊಳಗಿನ ಕಣಜ. ಪಾಲಪ್ಪ ಅದರ ಬಾಯಿ ಮುಚ್ಚಿ ಮೇಲೆ ಮಂಚ ಹಾಕಿಕೊಂಡು ಮಲಗುತ್ತಿದ್ದವನು. "ಉಣ್ಣಾಕೆ ಇಕ್ಕಿಲ್ವಾ?" ಎಂದ.

"ಎತ್ತಿಗೂ ಹುಲ್ಲು ಇಕ್ತೀಯ" ಎಂದ ಯಜಮಾನ. "ನೋಡು, ರಾಗಿ ಅಳೆಯಾಕೆ ಮನಸ್ಸಿಲ್ದಿದ್ರೆ ಇವ್ನ ದುಡಿಮೇನ ತೆರ ಅಂತ ಹಿಡ್ಕೋ. ಆದ್ರೆ ತೆರ ಕೊಟ್ಟೋನು ಮನೆಅಳಿಯ ಆಗಾಕಿಲ್ಲ. ಹುಡುಗೀನ ಅವನೂರಿಗೆ ಕರ್ಕಂಡೋಗ್ತಾನೆ. ಅದೂ ಬ್ಯಾಡ ಅಂದ್ರೆ ಈಗ್ಲೇ ಈಳ್ಯ ಕೊಟ್ಬುಡು. ಮಗಳೂ ಅಳಿಯನೂ ಕಣ್ಮುಂದೇ ಇರ್ತಾರೆ, ಕೊನೆಗಾಲಕ್ಕೆ ನೀರು ಬುಡ್ತಾರೆ."

ಹೊನ್ನಕ್ಕ ಉಸಿರು ಹಿಡಿದು ನಿಂತಳು. ಅವಳು ಕಟ್ಟಿದ ಪಣವೆಲ್ಲ ಈ ಕೊನೆಯ ಮಾತಿನ ಮೇಲೆ. ಅಪ್ಪ ಎಷ್ಟೇ ಜಿಪುಣನಾಗಲಿ, ತಾನಿಲ್ಲದೆ ಅವನಿಗೆ ಒಂದು ಹೊತ್ತು ನಡೆಯುವುದಿಲ್ಲ. ಬಿಸಿನೀರು ಯಾರು ಕಾಯಿಸಬೇಕು, ಮುದ್ದೆ ಯಾರು ತಿರುವಬೇಕು, ಹಸುವಿನ ಕೆಚ್ಚಲಿಗೆ ಯಾರ ಕೈ ಹೋಗಬೇಕು? ಗೊಣಗುತ್ತಾನೆ, ಶಾಪ ಹಾಕುತ್ತಾನೆ, ಕೊನೆಗೆ ತಟ್ಟೆ ತಾ ಎನ್ನುತ್ತಾನೆ. ಅವಳು ಹಾಗೆ ನಂಬಿದ್ದಳು. ಎಲೆ ಅಡಿಕೆಯ ತಟ್ಟೆಯನ್ನು ಬೆಳಗಿನ ಜಾವವೇ ತೊಳೆದು ಒಲೆಯ ಪಕ್ಕ ಇಟ್ಟು ಬಂದಿದ್ದಳು.

ಪಾಲಪ್ಪ ಕಾಟಪ್ಪನನ್ನು ನೋಡಿದ. ಅಡುಗೆಮನೆಯ ಕಡೆ ನೋಡಿದ. ದಿನಕ್ಕೆ ಎಷ್ಟು ಮುದ್ದೆ, ವರ್ಷಕ್ಕೆ ಎಷ್ಟು ರಾಗಿ ಎಂದು ಅವನ ತುಟಿ ಅಲ್ಲಾಡಿದ್ದು ಎಲ್ಲರಿಗೂ ಕಾಣಿಸಿತು. ತಲೆ ಕೆರೆದುಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

"ತೆರಕ್ಕೇ ಹಿಡ್ಕಳ್ಳಿ. ಕರ್ಕಂಡೋಗ್ಲಿ" ಎಂದ.

"ಲೇ, ಇರೋಳು ಒಬ್ಳೇ ಮಗಳು ಕಣ್ಲಾ!" ಎಂದಳು ನರಸಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು.

"ಇಲ್ಲಿದ್ರೆ ಎರಡು ಬಾಯಿ. ಹೋದ್ರೆ ಎರಡೂ ಹೋಯ್ತವೆ."

ಅಷ್ಟು ದಿನ ಅಪ್ಪನನ್ನು ಒಳಗೊಳಗೇ ಬೈದು ಬೈದು ನಾಲಿಗೆ ಹರಿತ ಮಾಡಿಕೊಂಡಿದ್ದ ಹೊನ್ನಕ್ಕ ಅಪ್ಪನ ಮುಖವನ್ನೇ ನೋಡಿದಳು. ಎಷ್ಟೆಲ್ಲ ತಾತ್ಸಾರ ಮಾಡಿದ್ದಳೋ, ಅದರ ಅಡಿಯಲ್ಲಿ ಇವನು ನನ್ನಪ್ಪ ಎನ್ನುವ ಒಂದು ಆಸೆ ಉಳಿದಿತ್ತು ಎಂದು ಅದು ಕಿತ್ತುಹೋದಾಗಲೇ ಅವಳಿಗೆ ಗೊತ್ತಾದದ್ದು. ಕಣ್ಣಲ್ಲಿ ನೀರು ಬಂತು. ಬಂದದ್ದನ್ನು ಅಲ್ಲಿ ಯಾರಿಂದಲೂ ಮುಚ್ಚಿಡಲಿಲ್ಲ.

ಕಾಟಪ್ಪ ಗುಂಡಿಯಿಂದ ಮೇಲೆ ಬಂದು ಅವಳ ಪಕ್ಕ ನಿಂತ. "ನಮ್ಮನೆ ಸಣ್ಣದು ಕಣಮ್ಮಿ. ನಾನು ಹೇಳಿದಷ್ಟು ದೊಡ್ಡದಲ್ಲ" ಎಂದ ಮೆಲ್ಲಗೆ.

"ಅದು ನಂಗೆ ಮೊದಲ್ನೇ ದಿನವೇ ಗೊತ್ತಿತ್ತು" ಎಂದು ಹೊನ್ನಕ್ಕ ಮೂಗು ಒರೆಸಿಕೊಂಡಳು.

ತೆರದ ಮದುವೆ ಗಂಡಿನ ಮನೆಯಲ್ಲಿ ಆಗುವುದು ಪದ್ಧತಿ. ಅದಕ್ಕೂ ಪಾಲಪ್ಪ ಕೈ ಬಿಚ್ಚಬೇಕಾಗಿರಲಿಲ್ಲ. ಯಜಮಾನ ತನ್ನ ಮನೆಯಿಂದಲೇ ಎಲೆ ಅಡಿಕೆ ತರಿಸಿ ಶಾಸ್ತ್ರ ಮುಗಿಸಿದ. ಹೆಣ್ಣಿನ ಜೊತೆ ಹೋಗುವುದಕ್ಕೆ ನರಸಮ್ಮ ಸಿದ್ಧವಾದಳು. ಹೊನ್ನಕ್ಕ ಎರಡು ಸೀರೆಯನ್ನೂ ತಾಯಿಯ ಒಂದು ಕುಪ್ಪಸವನ್ನೂ ಗಂಟು ಕಟ್ಟಿಕೊಂಡು, ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳ ಗಂಗೆದೊಗಲು ಸವರಿ, ಹಿತ್ತಲ ಬಾಗಿಲಿಂದ ಹೊರಟಳು. ಅಪ್ಪನ ಕಾಲಿಗೆ ಬೀಳು ಎಂದು ನರಸಮ್ಮ ಸನ್ನೆ ಮಾಡಿದ್ದನ್ನು ಕಂಡರೂ ಕಾಣದಂತೆ ನಡೆದಳು.

ಪಾಲಪ್ಪ ಅಷ್ಟು ಹೊತ್ತೂ ಮಗುಚಿದ ಬೊಡ್ಡೆಯ ಸುತ್ತಲೇ ಸುತ್ತುತ್ತಿದ್ದ. ಇವರು ಬೇಲಿಯ ಹತ್ತಿರ ಹೋದಾಗ ಏನೋ ನೆನಪಾದಂತೆ ಕೂಗಿದ. ಮಗಳು ನಿಂತಳು. ಏನೋ ಒಂದು ಒಳ್ಳೆಯ ಮಾತು ಕೊನೆಗಾದರೂ ಬಂದೀತೇನೋ ಎಂದು ಕಾಟಪ್ಪನೂ ನಿಂತ.

"ಲೇ ಕಾಟಪ್ಪ! ಕಿತ್ತೋನು ನೀನು. ಹೋಗಾಕೆ ಮುಂಚೆ ಆ ಗುಂಡಿ ಮುಚ್ಬುಟ್ಟು ಹೋಗ್ಲಾ!"

ಕಾಟಪ್ಪ ಹಳೆಯ ಅಭ್ಯಾಸದಿಂದ ಗುದ್ದಲಿಯ ಕಡೆ ಒಂದು ಹೆಜ್ಜೆ ಇಟ್ಟ. ಹೊನ್ನಕ್ಕ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ಗುಂಡಿ ಅಂಗೇ ಇರ್ಲಿ ಕಣಪ್ಪ" ಎಂದಳು. "ಇನ್ನೊಬ್ಬ ಅಳಿಯನ್ನ ಕರ್ಕಂಬಂದು ಮುಚ್ಚಿಸ್ಕೋ. ಅಳಿಯಂದಿರು ಸಿಗ್ತಾರೆ. ಅವ್ರಿಗೆ ತೋರ್ಸಾಕೆ ಮಗಳನ್ನ ಎಲ್ಲಿಂದ ತರ್ತೀಯೋ, ನಾ ಕಾಣೆ."